ತುಕಡಿಯ ಒಗ್ಗಟ್ಟಿಗೊಂದು ಬಹಿರಂಗ ಪತ್ರ

ಅಮೆರಿಕ ಸೇನೆಯಲ್ಲಿ ವಾಸವಾಗಿರುವ ಶ್ರೀ ತುಕಡಿಯ ಒಗ್ಗಟ್ಟು ಅವರಿಗೆ,

ಇತ್ತ ಎಲ್ಲರೂ ಕ್ಷೇಮ. ತಮ್ಮ ಆರೋಗ್ಯ ಹೇಗಿದೆ? ಕೇಳಲು ಕಾರಣವಿದೆ. ಸಲಿಂಗಿಗಳು ಗುಟ್ಟುಮಾಡದೆ ಸೇನೆಯಲ್ಲಿ ದುಡಿಯತೊಡಗಿದರೆ ತಾವು ಉಳಿಯುವುದಿಲ್ಲವೆಂದು 1993ರಲ್ಲಿ ವಾಷಿಂಗ್ಟನ್ನಿನ ದೊಡ್ಡವರು ಎದೆ ಎದೆ ಬಡಿದುಕೊಂಡಿದ್ದರು. ನಾರ್ಮಂಡಿಯ ಗುಂಡಿನ ಮಳೆ, ಕೊರಿಯಾದ ಹಿಮ, ವಿಯೆಟ್ನಾಂನ ಕೆಸರು ಎಲ್ಲವನ್ನೂ ಅರಗಿಸಿಕೊಂಡ ಜೀವ ತಮ್ಮದು. ಆದರೆ ಪಕ್ಕದ ಮಂಚದ ಸಿಪಾಯಿ ‘ಊರಲ್ಲಿ ನನ್ನ ಗೆಳೆಯ ಕಾಯ್ತಿದ್ದಾನೆ’ ಎಂದರೆ ಸಾಕು, ಅಲ್ಲೇ ಪ್ರಾಣ ಹೋಗುತ್ತಿತ್ತಂತೆ!

ತಮ್ಮ ಮೇಲಿನ ಕಾಳಜಿಗೆ ಸೆನೆಟರ್ ಸ್ಯಾಮ್ ನನ್ ಆ ವರ್ಷ ನಾರ್ಫೋಕ್‌ನಲ್ಲಿ ಜಲಾಂತರ್ಗಾಮಿಯ ಹೊಟ್ಟೆಗೇ ಇಳಿದರು. ಒಂದರ ಮೇಲೊಂದು ಪೇರಿಸಿದ ಇಕ್ಕಟ್ಟಿನ ಮಂಚಗಳ ಮಧ್ಯೆ ನಾವಿಕರನ್ನು ಮಾತಾಡಿಸಿದರು, ಫೋಟೋ ದೇಶವೆಲ್ಲ ಸುತ್ತಿತು. ಅಂಥ ಮಂಚಗಳಲ್ಲಿ ಅದಕ್ಕೂ ಮೊದಲೇ ಎಷ್ಟೋ ಸಲಿಂಗಿಗಳು ಮಲಗಿ ಎದ್ದಿದ್ದರು. ಮುಳುಗುವುದೇ ಕಸುಬಾದ ಹಡಗು ಕೂಡ ಆ ಕಾರಣಕ್ಕೆ ಮುಳುಗಿರಲಿಲ್ಲ.

ಅದಕ್ಕೆ ಮುಂಚೆ ಇದ್ದದ್ದು ಪೂರ್ತಿ ನಿಷೇಧ. ವಿಯೆಟ್ನಾಂನಲ್ಲಿ ಹೋರಾಡಿ ಪದಕ ಪಡೆದ ವಾಯುಪಡೆಯ ಸಾರ್ಜೆಂಟ್ ಲಿಯೊನಾರ್ಡ್ ಮ್ಯಾಟ್ಲೊವಿಚ್ 1975ರಲ್ಲಿ ತಾನು ಸಲಿಂಗಿ ಎಂದು ಹೇಳಿ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದರು, ಕೆಲಸದಿಂದ ಹೊರಬಿದ್ದರು. ಇಬ್ಬರನ್ನು ಕೊಂದದ್ದಕ್ಕೆ ಪದಕ, ಒಬ್ಬನನ್ನು ಪ್ರೀತಿಸಿದ್ದಕ್ಕೆ ವಜಾ ಎಂಬರ್ಥದ ಮಾತು ವಾಷಿಂಗ್ಟನ್ನಿನಲ್ಲಿರುವ ಅವರ ಸಮಾಧಿಯ ಮೇಲಿದೆ.

1993ರ ಗಲಾಟೆ ಮುಗಿಯುವಾಗ ತಮಗೊಂದು ಹೊಸ ಪಥ್ಯ ಗೊತ್ತುಪಡಿಸಲಾಯಿತು: ‘ಕೇಳಬೇಡಿ, ಹೇಳಬೇಡಿ’. ಅಧಿಕಾರಿ ಕೇಳಬಾರದು, ಸಿಪಾಯಿ ಬಾಯಿ ಬಿಡಬಾರದು. ಸುಳ್ಳಾಡಬೇಡ ಎಂದು ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲಿ ಕೆಡೆಟ್‌ಗಳಿಗೆ ಪಾಠ ಹೇಳುವ ಸೇನೆಯೇ ನಿಜ ಹೇಳಿದವರ ಗಂಟುಮೂಟೆ ಕಟ್ಟಿಸಿತು. ಹಾಗೆ ಹೋದವರು 13 ಸಾವಿರಕ್ಕೂ ಹೆಚ್ಚು.

ಹೋದವರಲ್ಲಿ ಅರಬ್ಬೀ ಬಲ್ಲವರ ಕಥೆ ತಮಗೆ ನೆನಪಿರಬೇಕು. ‘ನಾಳೆಯೇ ಆ ಗಳಿಗೆ’ ಎಂಬರ್ಥದ ಅರಬ್ಬೀ ಸಂದೇಶವೊಂದು 2001ರ ಸೆಪ್ಟೆಂಬರ್ 10ರಂದು ಅಮೆರಿಕದ ಗೂಢಚರ್ಯೆಯ ಬಲೆಗೆ ಬಿದ್ದಿತ್ತು. ಅದು ಇಂಗ್ಲಿಷಿಗೆ ಬಂದದ್ದು 12ರಂದು, ಅವಳಿ ಗೋಪುರ ಉರುಳಿದ ಮಾರನೆಯ ದಿನ. ಅರಬ್ಬೀ ಬಲ್ಲವರನ್ನು ದೀಪ ಹಿಡಿದು ಹುಡುಕಬೇಕಾದ ಕಾಲ. ಮರುವರ್ಷವೇ ಮಾಂಟೆರಿಯ ಸೇನಾ ಭಾಷಾಶಾಲೆಯಲ್ಲಿ ಅರಬ್ಬೀ ಕಲಿಯುತ್ತಿದ್ದ ಆರು ಮಂದಿಯನ್ನು ತಮ್ಮ ಹೆಸರಿನಲ್ಲಿ ಆಚೆ ಕಳಿಸಲಾಯಿತು. ಮೊದಲ ಹತ್ತು ವರ್ಷಗಳಲ್ಲಿ ಹೋದವರ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳಲು ಸುಮಾರು 9.5 ಕೋಟಿ ಡಾಲರ್ ಖರ್ಚಾಯಿತೆಂದು ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ 2005ರಲ್ಲಿ ಬರೆಯಿತು. ತಮ್ಮ ಪಥ್ಯ ಅಗ್ಗದ್ದೇನಲ್ಲ.

ತಮಗೆ ಕಾಯಿಲೆಯೇ ಇಲ್ಲವೆಂಬ ತಪಾಸಣಾ ವರದಿಗಳು ಸರ್ಕಾರದ ಬಳಿಯೇ ಇದ್ದವು. ಸಲಿಂಗಿಗಳಿಂದ ದೇಶದ ಭದ್ರತೆಗೆ ವಿಶೇಷ ಅಪಾಯವೆನ್ನಲು ಆಧಾರವಿಲ್ಲ ಎಂದ ನೌಕಾಪಡೆಯ 1957ರ ವರದಿ ಸುಮಾರು ಎರಡು ದಶಕ ಕಪಾಟಿನಲ್ಲಿ ಕೂತಿತ್ತು. ಯಾರನ್ನು ಪ್ರೀತಿಸುತ್ತಾನೆ ಎಂಬುದಕ್ಕೂ ಸೈನಿಕನ ಯೋಗ್ಯತೆಗೂ ಸಂಬಂಧವಿಲ್ಲ ಎಂದ 1993ರ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ವರದಿಯನ್ನಂತೂ ಸರ್ಕಾರವೇ ಕಾಸು ಕೊಟ್ಟು ಬರೆಸಿಕೊಂಡಿತ್ತು.

2009ರಲ್ಲಿ ಸಾವಿರಕ್ಕೂ ಹೆಚ್ಚು ನಿವೃತ್ತ ಜನರಲ್, ಅಡ್ಮಿರಲ್‌ಗಳು ಪಥ್ಯ ಬಿಡಿಸಬೇಡಿ ಎಂದು ಸಹಿ ಹಾಕಿದರು. ಸೇನಾನಾಯಕರು ಹೇಳಿದ ದಿನ ಕಾನೂನು ಬದಲಿಸೋಣ ಎಂದಿದ್ದ ಸೆನೆಟರ್ ಜಾನ್ ಮೆಕೇನ್, 2010ರಲ್ಲಿ ಆಗಿನ ಅತ್ಯುನ್ನತ ಸೇನಾಧಿಕಾರಿ ಅಡ್ಮಿರಲ್ ಮೈಕ್ ಮುಲೆನ್ ಎದುರಿಗೇ ಕೂತು ಹೇಳಿದಾಗ ಒಪ್ಪಲಿಲ್ಲ. ಯೋಧರ ಗಮನ ತಪ್ಪಿ ಜೀವಹಾನಿಯಾದೀತು ಎಂದು ಮರೀನ್ ಪಡೆಯ ಮುಖ್ಯಸ್ಥ ಜೇಮ್ಸ್ ಆಮೋಸ್ ಹೆದರಿಸಿದರು. 2011ರ ಸೆಪ್ಟೆಂಬರ್ 20ರಂದು ಕಾನೂನು ಸತ್ತಿತು, ತಾವು ಸಾಯಲಿಲ್ಲ. ಎಲ್ಲ ಚೆನ್ನಾಗಿಯೇ ನಡೆದಿದೆಯೆಂದು ಎರಡೇ ತಿಂಗಳಲ್ಲಿ ಆಮೋಸ್ ಅವರೇ ಹೇಳಿದರು. 2016ರಲ್ಲಿ ಎರಿಕ್ ಫ್ಯಾನಿಂಗ್ ಎಂಬ ಸಲಿಂಗಿ ಸೇನಾ ಕಾರ್ಯದರ್ಶಿಯಾದಾಗಲೂ ತಮಗೆ ಒಂದು ಸೀನೂ ಬಂದಂತಿಲ್ಲ. ಆದರೂ 2025ರಲ್ಲಿ ಅದೇ ಔಷಧಿ ಚೀಟಿಯನ್ನು ಟ್ರಾನ್ಸ್‌ಜೆಂಡರ್ ಸೈನಿಕರ ವಿರುದ್ಧ ಮತ್ತೆ ಬರೆಯಲಾಗಿದೆ. ರೋಗಿಯ ಹೆಸರು ಮಾತ್ರ ತಮ್ಮದೇ.

ಕೊನೆಗೊಂದು ವಿನಂತಿ. ನಮ್ಮ ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ, ಸಲಿಂಗಿಗಳನ್ನು ಅಪರಾಧಿಗಳಾಗಿಸಿದ್ದ 377ನೇ ಕಲಮಿನ ಹಲ್ಲು ಕಿತ್ತ ಕೆಲವೇ ತಿಂಗಳಲ್ಲಿ, ಸೇನೆ ಸಂಪ್ರದಾಯಸ್ಥ, ಇದಕ್ಕೆ ಇಲ್ಲಿ ಅವಕಾಶವಿಲ್ಲ ಎಂದು ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಹೇಳಿದ್ದರು. ಸಲಿಂಗಿ ಮೇಜರ್‌ನ ಕಥೆಯಿದ್ದ ನಿರ್ದೇಶಕ ಓನೀರ್ ಅವರ ಚಿತ್ರಕಥೆಗೆ 2022ರಲ್ಲಿ ರಕ್ಷಣಾ ಸಚಿವಾಲಯದ ಒಪ್ಪಿಗೆ ಸಿಗಲಿಲ್ಲ. ತಾವು ಗಟ್ಟಿಯಾಗಿರುವ ಸುದ್ದಿ ನವದೆಹಲಿಗೆ ಮುಟ್ಟಿದಂತಿಲ್ಲ. ಬಿಡುವು ಮಾಡಿಕೊಂಡು ತಾವೇ ಅವರಿಗೆ ಎರಡು ಸಾಲು ಬರೆಯಬೇಕು.

ಇಂತಿ,
ತಮ್ಮ ಕ್ಷೇಮಾಭಿಲಾಷಿ