ಸ್ವಂತ ರುಚಿ ಇಲ್ಲದಿರುವುದೇ ನನ್ನ ಬಂಡವಾಳ!

(ತೈವಾನಿನ ತೈಚುಂಗ್ ನಗರದ ಚಹಾ ಅಂಗಡಿಯೊಂದರಲ್ಲಿ, ಬಬಲ್ ಟೀ ಲೋಟದ ತಳದಲ್ಲಿ ವಿರಾಜಮಾನರಾಗಿದ್ದ ಶ್ರೀಮಾನ್ ಟಪಿಯೋಕ ಮುತ್ತು ಅವರ ವಿಶೇಷ ಸಂದರ್ಶನ. ಬೆಂದ ಮೇಲೆ ಅವರಿಗಿರುವ ಆಯಸ್ಸು ಸುಮಾರು ನಾಲ್ಕು ಗಂಟೆ. ಹಾಗಾಗಿ ಕುಶಲೋಪರಿ ಕೈಬಿಟ್ಟಿದ್ದೇವೆ.)

ಪ್ರಶ್ನೆ: ತಾವು ಚಹಾಕ್ಕೆ ಇಳಿದದ್ದು ಯಾವಾಗ?

ಮುತ್ತು: ಅದು ಕೋರ್ಟು ಮೆಟ್ಟಿಲು ಹತ್ತಿ ಇಳಿದ ವಿಷಯ. ಇದೇ ಊರಿನ ಚುನ್ ಶುಯಿ ಟಾಂಗ್ ಚಹಾ ಅಂಗಡಿಯವರು, 1980ರ ದಶಕದ ಕೊನೆಯಲ್ಲಿ ತಮ್ಮ ಮ್ಯಾನೇಜರ್ ಲಿನ್ ಶ್ಯೂ-ಹುಯಿ ಮೀಟಿಂಗಿನಲ್ಲಿ ಕೂತಿದ್ದಾಗ ನನ್ನನ್ನು ಐಸ್ ಟೀಗೆ ಸುರಿದರು ಅಂತಾರೆ. ತೈನಾನಿನ ಹಾನ್‌ಲಿನ್ ಚಹಾ ಅಂಗಡಿಯವರು, 1986ರಲ್ಲೇ ತಮ್ಮ ಮಾಲೀಕ ತು ತ್ಸೊಂಗ್-ಹೆ ಸಂತೆಯಲ್ಲಿ ಬಿಳಿ ಮುತ್ತು ಕಂಡು ಚಹಾಕ್ಕೆ ಹಾಕಿದರು ಅಂತಾರೆ. ಹತ್ತು ವರ್ಷ ಕಿತ್ತಾಡಿದರು. ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಿಕೊಳ್ಳಿ ಎಂದು 2019ರಲ್ಲಿ ತೀರ್ಪಾಯಿತು. ಗೆದ್ದವರು ವಕೀಲರು.

ಪ್ರಶ್ನೆ: ತಮ್ಮ ವಂಶದ ಮೂಲ?

ಮುತ್ತು: ಋಷಿಮೂಲ, ನದೀಮೂಲದ ಪಟ್ಟಿಗೆ ಗೆಣಸಿನ ಮೂಲವನ್ನೂ ಸೇರಿಸಿಕೊಳ್ಳಿ! ಹೆಸರಿಗೆ ಮುತ್ತು, ಜಾತಿಯಲ್ಲಿ ಮರಗೆಣಸು. ದಕ್ಷಿಣ ಅಮೆರಿಕದವರು ನಾವು. ಹಸಿಯಾಗಿ ತಿಂದರೆ ಹೊಟ್ಟೆಯೊಳಗೆ ಸಯನೈಡ್ ಬಿಡುತ್ತೇವೆ. ಅದಕ್ಕೇ ತುರಿದು, ತೊಳೆದು, ಪಿಷ್ಟ ಮಾತ್ರ ಉಳಿಸಿಕೊಳ್ಳುತ್ತಾರೆ.

ಪ್ರಶ್ನೆ: ಹಾಗಿದ್ದರೆ ನಮ್ಮ ಸಬ್ಬಕ್ಕಿ ತಮಗೇನಾಗಬೇಕು?

ಮುತ್ತು: (ಮುಖ ಕಪ್ಪಿಟ್ಟು) ದಾಯಾದಿ. ಸೇಲಂ ಕಡೆಯ ಮಿಲ್ಲುಗಳಲ್ಲಿ ಅದೇ ಗೆಣಸಿನಿಂದ ಹುಟ್ಟಿದವನು. ಪಾಯಸ, ಸಂಡಿಗೆ, ಉಪವಾಸದ ಖಿಚಡಿ ಎಂದು ಅಡುಗೆಮನೆಯಲ್ಲೇ ಉಳಿದ. ನಾನು ಫಾರಿನ್‌ಗೆ ಹೋಗಿ ದಪ್ಪಗಾದೆ. ಈಗ ಬೆಂಗಳೂರಿನ ಮಾಲ್‌ಗಳಲ್ಲಿ ನನ್ನನ್ನು ಕೊಳ್ಳುವವರು ಮನೆಯಲ್ಲಿ ಅವನ ಪಾಯಸ ಕಂಡರೆ ಮೂಗು ಮುರಿಯುತ್ತಾರೆ.

ಪ್ರಶ್ನೆ: ಈ ಮೈಕಟ್ಟಿನ ಗುಟ್ಟೇನು?

ಮುತ್ತು: ಕುದಿಯುವ ಕಂದು ಸಕ್ಕರೆ ನೀರನ್ನು ಪಿಷ್ಟಕ್ಕೆ ಸುರಿದು, ಕೈ ಸುಡುವಾಗಲೇ ನಾದಬೇಕು. ನೀರು ಆರಿತೋ, ಹಿಟ್ಟು ಒಂದಾಗುವುದೇ ಇಲ್ಲ. ಉಂಡೆ ಕಟ್ಟಿ, ಅರ್ಧ ಗಂಟೆ ಕುದಿಸಿ, ಮುಚ್ಚಿಟ್ಟು, ತಣ್ಣೀರಲ್ಲಿ ತೊಳೆದು ಪಾಕಕ್ಕೆ ಹಾಕುತ್ತಾರೆ. ಹಲ್ಲಿಗೆ ಸಿಕ್ಕಂತಾಗಿ ಮತ್ತೆ ಪುಟಿಯಬೇಕು. ಈ ಹದಕ್ಕೆ ಇಲ್ಲಿಯವರು ‘ಕ್ಯೂ’ ಅಂತಾರೆ. ಫ್ರಿಜ್‌ನಲ್ಲಿಟ್ಟಿರೋ, ಪಿಷ್ಟ ಬಿಗಿದುಕೊಂಡು ಗೋಲಿಯಾಗುತ್ತೇನೆ.

ಪ್ರಶ್ನೆ: 2013ರಲ್ಲಿ ತಮ್ಮ ಹೆಸರು ಒಂದು ಹಗರಣದಲ್ಲಿ…

ಮುತ್ತು: ಆ ಹದ ಬರಲೆಂದು ತೈವಾನಿನಲ್ಲಿ ಕೆಲವರು ಪಿಷ್ಟಕ್ಕೆ ಮೆಲೀಯಿಕ್ ರಾಸಾಯನಿಕ ಬೆರೆಸಿ ಸಿಕ್ಕಿಬಿದ್ದರು. ಮೈ ಬಿಗಿಮಾಡಿಸಿಕೊಳ್ಳದ ಸೆಲೆಬ್ರಿಟಿ ಯಾರಿದ್ದಾರೆ ಹೇಳಿ. ಮುಂದಿನ ಪ್ರಶ್ನೆ.

ಪ್ರಶ್ನೆ: ಲೋಟದ ಇತರ ನಿವಾಸಿಗಳ ಬಗ್ಗೆ ಎರಡು ಮಾತು.

ಮುತ್ತು: ಚಹಾ ಗೌರವಸ್ಥರು. ಇಲ್ಲಿನ ಸನ್ ಮೂನ್ ಸರೋವರದ ಕಪ್ಪು ಚಹಾಕ್ಕೆ, 1920ರ ದಶಕದಲ್ಲಿ ಜಪಾನೀಯರು ತರಿಸಿದ ಅಸ್ಸಾಂ ತಳಿಯೇ ಮೂಲ. ಹಾಲಿನದು ಹೇಳಲಾಗದು. ಎಷ್ಟೋ ಕಡೆ ಹಸುವಿನ ಮುಖವನ್ನೇ ಕಾಣದ ಕ್ರೀಮರ್ ಪುಡಿ ಅದರ ಕುರ್ಚಿಯಲ್ಲಿ ಕೂತಿರುತ್ತದೆ. ಇನ್ನು ‘ಪಾಪಿಂಗ್ ಬೋಬಾ’ ಅಂತ ಬಣ್ಣಬಣ್ಣದವರು ಬಂದಿದ್ದಾರೆ. ಕಡಲಕಳೆಯ ಆಲ್ಜಿನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕಟ್ಟಿದ ತೆಳು ಪೊರೆ, ಒಳಗೆ ಹಣ್ಣಿನ ರಸ. ಹಲ್ಲು ತಾಗಿದ ಕೂಡಲೇ ಗುಟ್ಟೆಲ್ಲ ಕಕ್ಕುತ್ತಾರೆ. ಸಾರ್ವಜನಿಕ ಜೀವನಕ್ಕೆ ನಾಲಾಯಕ್ಕು.

ಪ್ರಶ್ನೆ: ಸಕ್ಕರೆ ಹೆಚ್ಚಾಯಿತು ಅನ್ನುತ್ತಾರೆ ವೈದ್ಯರು.

ಮುತ್ತು: ಅಂಗಡಿಯಲ್ಲಿ ಸೊನ್ನೆಯಿಂದ ನೂರರ ತನಕ ಸಕ್ಕರೆ ಎಷ್ಟು ಬೇಕೆಂದು ಕೇಳುತ್ತಾರೆ. ಸೊನ್ನೆ ಅಂದವರೂ ನನ್ನನ್ನು ಬೇಡ ಅನ್ನುವುದಿಲ್ಲ, ನಾನು ಪಾಕದಲ್ಲೇ ಮುಳುಗೆದ್ದು ಬಂದಿರುತ್ತೇನೆ! ಸಿಂಗಾಪುರದವರು 2023ರ ಕೊನೆಯಿಂದ ಅಂಗಡಿಯ ಪಾನೀಯಗಳಿಗೂ ಎ ಯಿಂದ ಡಿ ತನಕ ಶ್ರೇಣಿ ಹಚ್ಚುತ್ತಿದ್ದಾರೆ. ಅದೇ ಊರಿನಲ್ಲಿ 2020ರ ಏಪ್ರಿಲ್‌ನಲ್ಲಿ, ಕೋವಿಡ್‌ಗಾಗಿ ಬಬಲ್ ಟೀ ಅಂಗಡಿ ಮುಚ್ಚುತ್ತಾರೆಂದ ರಾತ್ರಿ ಜನ ಸಾಲುಗಟ್ಟಿ ನಿಂತಿದ್ದರು. ನಾನು ಅಗತ್ಯ ವಸ್ತುವಲ್ಲ ಎಂದದ್ದು ಸರ್ಕಾರ ಮಾತ್ರ.

ಪ್ರಶ್ನೆ: ರಾಜಕೀಯ ನಿಲುವು?

ಮುತ್ತು: 2020ರಲ್ಲಿ ಥಾಯ್ಲೆಂಡ್, ಹಾಂಗ್‌ಕಾಂಗ್, ತೈವಾನಿನ ಹುಡುಗರು ಬೀಜಿಂಗ್ ವಿರುದ್ಧ ‘ಮಿಲ್ಕ್ ಟೀ ಅಲಯನ್ಸ್’ ಕಟ್ಟಿದರು. ನನಗೆ ರೋಮಾಂಚನವಾಯಿತು. 2025ರಲ್ಲಿ ಚೀನಾದ ಚಹಾ ಅಂಗಡಿಗಳ ಕಂಪನಿ ಮಿಶ್ಯುಯೆ ಹಾಂಗ್‌ಕಾಂಗ್ ಷೇರುಪೇಟೆಗೆ ಕಾಲಿಟ್ಟು ಕೋಟಿಕೋಟಿ ಬಾಚಿತು. ಆಗಲೂ ರೋಮಾಂಚನವಾಯಿತು. ಎರಡೂ ಕಡೆಯ ಲೋಟದಲ್ಲಿ ನಾನಿದ್ದೇನೆ.

ಪ್ರಶ್ನೆ: ಇದು ಎಡಬಿಡಂಗಿತನ ಅಲ್ಲವೇ?

ಮುತ್ತು: ಗೆಣಸು ಒಬ್ಬರದು, ಚಹಾ ಇನ್ನೊಬ್ಬರದು, ಸಿಹಿ ಪಾಕದ್ದು. ನನ್ನದು ಅನ್ನುವ ರುಚಿ ಇದ್ದಿದ್ದರೆ ಅರ್ಧ ಜನಕ್ಕೆ ಹಿಡಿಸುತ್ತಿರಲಿಲ್ಲ. ಅದಿಲ್ಲದ್ದರಿಂದಲೇ ಊರೂರಲ್ಲಿ ಸಲ್ಲುತ್ತಿದ್ದೇನೆ.

ಪ್ರಶ್ನೆ: ಅಭಿಮಾನಿಗಳಿಗೆ ಸಂದೇಶ?

ಮುತ್ತು: ದಪ್ಪ ಸ್ಟ್ರಾ ಅಂತ ಗಂಟಲಿಗೇ ಎಳೆದುಕೊಳ್ಳಬೇಡಿ, ಸಿಕ್ಕಿಕೊಂಡೇನು. ಉಳಿದ ಖ್ಯಾತನಾಮರನ್ನೆಲ್ಲ ಇಡಿಯಾಗಿ ನುಂಗಿಬಿಡುತ್ತೀರಿ. ನನ್ನನ್ನಾದರೂ ಅಗಿದು ನೋಡಿ.