ಸಾಹೇಬರ ಮೀಟಿಂಗು, ಸರ್ವರಿನ ಏದುಸಿರು

2013ರ ಫೆಬ್ರವರಿ. ಬೆಂಗಳೂರಿನ ಒಂದು ಕಚೇರಿಯಲ್ಲಿ ಎಕ್ಸ್‌ಚೇಂಜ್ ಮೇಲ್ ಸರ್ವರಿನ ಸಿಪಿಯು ಬಳಕೆ ನೂರರ ಹತ್ತಿರ ಹೋಗಿ ಕೂತಿದೆ, ಇಳಿಯುವ ಮಾತೇ ಇಲ್ಲ.

“ರೀಸ್ಟಾರ್ಟ್ ಮಾಡ್ರೀ.”

“ಬೆಳಿಗ್ಗೇನೇ ಆಯ್ತು ಸಾರ್. ಅರ್ಧ ಗಂಟೆ ಸುಮ್ಮನಿತ್ತು.”

“ಹಾಗಾದ್ರೆ ರ‍್ಯಾಮ್ ಹಾಕ್ಸಿ.”

ಸಾಹೇಬರಿಗೆ ಗೊತ್ತಿದ್ದ ಔಷಧ ಇವೆರಡೇ.

ಅಡ್ಮಿನ್ ಹುಡುಗ ಡ್ರೈವ್ ತೆರೆದ. ತಲಾ 1 ಎಂಬಿಯ ಟ್ರಾನ್ಸಾಕ್ಷನ್ ಲಾಗುಗಳು ಕಣ್ಣೆದುರೇ ಹುಟ್ಟುತ್ತಿದ್ದವು. ಫೋನುಗಳನ್ನು ಸರ್ವರಿಗೆ ಜೋಡಿಸುವ ಆಕ್ಟಿವ್‌ಸಿಂಕ್‌ನ ವರದಿಯಲ್ಲಿ ಒಂದೇ ಫೋನಿನ ಹೆಸರು, ಪುಟಗಟ್ಟಲೆ.

“ಐಓಎಸ್ 6.1 ಇರೋ ಐಫೋನು ಸಾರ್. ವಾರವಾರದ ಮೀಟಿಂಗಲ್ಲಿ ಒಂದು ವಾರದ್ದು ಮಾತ್ರ ಬದಲಾದಾಗ, ಅದಕ್ಕೆ ಉತ್ತರ ಕೊಟ್ಟ ಫೋನು ಸರ್ವರನ್ನ ಬಿಡದೆ ಪೀಡಿಸುತ್ತೆ. ಆಪಲ್‌ನೋರೇ ಒಪ್ಕೊಂಡಿದ್ದಾರೆ.”

“ಯಾವನದ್ರೀ ಆ ಫೋನು? ಬ್ಲಾಕ್ ಮಾಡಿ!”

“ತಮ್ಮದೇ ಸಾರ್.”

ಸಾಹೇಬರಿಗೆ ಕೆಮ್ಮು ಬಂತು. “ಬ್ಲಾಕ್ ಅಂದ್ರೆ... ಬೇರೆ ದಾರಿ?”

“ಕ್ಯಾಲೆಂಡರ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡೋದು.”

ಮಾಡಿದರು. ಸಿಪಿಯು ಇಳಿಯಿತು. ದೋಷ ತಿದ್ದಿದ 6.1.2 ಆವೃತ್ತಿ ಬಂದದ್ದು ಫೆಬ್ರವರಿ 19ರಂದು. ಅಲ್ಲಿಯವರೆಗೆ ಕಾಯುವ ತಾಳ್ಮೆ ಸಾಹೇಬರಿಗೆಲ್ಲಿ?

“ಈ ಸರ್ವರ್ ವಿಷಯಕ್ಕೆ ಪ್ರತಿ ಸೋಮವಾರ ಒಂದು ಮೀಟಿಂಗ್ ಹಾಕ್ರೀ. ಎಲ್ಲಾ ಮ್ಯಾನೇಜರುಗಳಿಗೂ ಕಳ್ಸಿ.”

“ಸರಿ ಸಾರ್.”

“ಈ ವಾರದ್ದು ಮಾತ್ರ ಮಂಗಳವಾರಕ್ಕೆ ತಳ್ಳಿ.”