ಡಬ್ಬಿಯ ಮೇಲೆ ವ್ಯಾಟ್ ಬರೆಯುವ ಸಾಹೇಬರಿಗೆ ಭೂತನಾಳದಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಾಹೇಬರೇ,

ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ವ್ಯಾಟ್ ಬರೆಯುವ ಕೈ ಯಾರದೇ ಇರಲಿ, ಅದು ಧಾರಾಳದ ಕೈ. ಗೋಲಗುಮ್ಮಟದೊಳಗೆ ಒಂದು ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮಾರ್ದನಿಸುತ್ತದೆ ಎಂದು ಹೊರಗಿನವರು ವಿಜಯಪುರಕ್ಕೆ ಬಂದು ಬೆರಗಾಗುತ್ತಾರೆ. ನಿಮ್ಮ ಡಬ್ಬಿಯೊಳಗೆ ಒಂದು ವ್ಯಾಟ್ ಎರಡಾಗಿ ಮಾರ್ದನಿಸುತ್ತದೆ, ಅದನ್ನು ನೋಡಲು ಮಾತ್ರ ಯಾರೂ ಸಾಲು ನಿಂತಿಲ್ಲ. ಅದೇ ಜಿಲ್ಲೆಯ ಕೂಡಗಿಯ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ, ಒಟ್ಟು 2,400. ಅಲ್ಲಿಯವರಿಗೆ ನಿಮ್ಮಷ್ಟು ಕಲ್ಪನಾಶಕ್ತಿ ಇಲ್ಲ ಎಂದು ಕಾಣುತ್ತದೆ: ನಿಮ್ಮಂತೆ ಅರೆಗಳಿಗೆಯ ‘ಪೀಕ್’ ಸೇರಿಸಿ 4,000 ಎಂದು ಯಾರೂ ಬೋರ್ಡು ಬರೆಸಿಲ್ಲ.

ಪೆಟ್ಟಿಗೆಯ ಪಕ್ಕೆಗೆ ನೀವೇ ಅಂಟಿಸಿದ ಚೀಟಿಯನ್ನು ಒಮ್ಮೆ ಜೊತೆಗೆ ಕೂತು ಓದೋಣ. ಮೇಲೆ 450 ವ್ಯಾಟ್ ಎಂದಿದೆ ಎನ್ನಿ. ಕೆಳಗೆ ಸಾಸಿವೆಕಾಳಿನಷ್ಟು ಅಕ್ಷರಗಳಲ್ಲಿ ಒಂದು ಕೋಷ್ಟಕ: 3.3 ವೋಲ್ಟಿನ ಸಾಲಿಗೆ 20 ಆಂಪಿಯರ್, 5 ವೋಲ್ಟಿನದಕ್ಕೆ 20, 12 ವೋಲ್ಟಿನದಕ್ಕೆ 16. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಇದು ಹೈಸ್ಕೂಲಿನ ಲೆಕ್ಕ. 66, 100, 192. ಮೂರನ್ನೂ ಕೂಡಿಸಿದರೆ 358. ಇನ್ನೆರಡು ಸಣ್ಣ ಸಾಲುಗಳದ್ದು ಹತ್ತಿಪ್ಪತ್ತು ಇರಬಹುದು, ಉಳಿದದ್ದು ನಿಮ್ಮ ಆಶೀರ್ವಾದ. ಆದರೆ ಅಸಲಿ ಮೋಸ ಕೂಡಿಸುವುದರಲ್ಲೇ ಇದೆ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಲ್ಲಿ. 3.3 ಮತ್ತು 5ರ ಸಾಲಿನಲ್ಲಿ ಎಷ್ಟೇ ಬಡಿಸಿಟ್ಟರೂ ಆ ಎಲೆಗೆ ಕೂರುವವರು ಕಡಿಮೆ. ಹಾಗಾಗಿ ಕಂಪ್ಯೂಟರ್ ಆಟ ಆಡುವವನ ಪಾಲಿಗೆ ನಿಮ್ಮ 450 ಎಂದರೆ 192. ವಿಜಯಪುರದ ಭೂತನಾಳ ಕೆರೆ ಕೋಡಿ ಬಿದ್ದರೂ ನಗರದ ಓಣಿಯಲ್ಲಿ ಕೊಡ ತುಂಬುವುದು ನಲ್ಲಿಯ ಗಾತ್ರದ ಮೇಲೆ. ಕೆರೆಯ ಅಳತೆಯನ್ನು ನಲ್ಲಿಯ ಮೇಲೆ ಕೆತ್ತಿಸಿ ಮಾರುವ ಉಪಾಯ ಇಲ್ಲಿ ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ.

‘ಹಳ್ಳಿ ಕಡೆಯ ಗಿರಾಕಿಗೆ ಇಷ್ಟೆಲ್ಲ ತಿಳಿಯುವುದಿಲ್ಲ, ಅವರಿಗೊಂದು ದೊಡ್ಡ ಅಂಕಿ ಸಾಕು’ ಎಂದು ನೀವು ಅಂದುಕೊಂಡಿದ್ದರೆ, ಒಮ್ಮೆ ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳಿಗೆ ಹೋಗಿ ಬನ್ನಿ. ಬೋರಿಗೆ ಮೋಟರ್ ಇಳಿಸುವ ರೈತ ಎಚ್‌ಪಿ ಒಂದನ್ನೇ ಕೇಳಿ ದುಡ್ಡು ಎಣಿಸುವುದಿಲ್ಲ. ನೀರು ಎಷ್ಟು ಆಳದಲ್ಲಿದೆ, ಟಿಸಿಯಿಂದ ಬೋರಿಗೆ ಎಷ್ಟು ದೂರ, ಆ ದೂರಕ್ಕೆ ಎಷ್ಟು ದಪ್ಪದ ಕೇಬಲ್, ಸ್ಟಾರ್ಟರ್ ಯಾವುದು ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ಗುಂಡಿ ಒತ್ತಿದ ಮೊದಲ ಏಟಿಗೆ ಮೋಟರ್ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು ಎಂಬುದು ಅವನಿಗೆ ಪುಸ್ತಕದಿಂದ ಬಂದ ವಿದ್ಯೆಯಲ್ಲ, ರಿವೈಂಡಿಂಗ್ ಅಂಗಡಿಯ ಬಿಲ್ಲು ಕಲಿಸಿದ್ದು. ಗ್ರಾಫಿಕ್ಸ್ ಕಾರ್ಡಿನದ್ದೂ ಇದೇ ಜಾತಕ. ಆಟದ ದೃಶ್ಯ ಥಟ್ಟನೆ ಬದಲಾದಾಗ ಕಾರ್ಡು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ಹೊತ್ತು ತನ್ನ ಲೆಕ್ಕ ಮೀರಿ ಜಿಗಿಯುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದನ್ನು ಒಪ್ಪಿಕೊಂಡೇ, ಹೊಸ ಬಗೆಯ ಕನೆಕ್ಟರಿರುವ ದೊಡ್ಡ ಸಪ್ಲೈಗಳು 100 ಮೈಕ್ರೋಸೆಕೆಂಡಿನ ಮಟ್ಟಿಗೆ ತಮ್ಮ ಅಳತೆಯ ಇಮ್ಮಡಿ ಭಾರ ತಾಳಬೇಕು ಎಂದಿತು. ಒಂದು ಕಾರ್ಡಿದ್ದರೆ ಒಂದು ಜಿಗಿತ. ಎರಡಿದ್ದು, ಎರಡೂ ಒಂದೇ ದೃಶ್ಯ ಬಿಡಿಸುತ್ತಿದ್ದರೆ, ಜಿಗಿತವೂ ಜೋಡಿಯಲ್ಲೇ.

ಈಗ ಗೋಡೆಯ ಕಡೆ ಬರೋಣ, ಯಾಕೆಂದರೆ ಸಪ್ಲೈ ಆರಿಸುವವನು ಮೊದಲು ನೋಡಬೇಕಾದದ್ದು ನಿಮ್ಮ ಡಬ್ಬಿಯನ್ನಲ್ಲ, ತನ್ನ ಮನೆಯ ಪ್ಲಗ್ಗನ್ನು. ಆರ್‌ಟಿಎಕ್ಸ್ 4090 ಕಾರ್ಡಿನ ಅಧಿಕೃತ ಅಳತೆ 450 ವ್ಯಾಟ್. ಎರಡು ಕಾರ್ಡಿನ ಯಂತ್ರವಾದರೆ 900. ದೊಡ್ಡ ಪ್ರೊಸೆಸರಿಗೆ 250, ಮದರ್‌ಬೋರ್ಡು, ಫ್ಯಾನು, ಡಿಸ್ಕುಗಳಿಗೆ ಒಂದು 100 ಹಿಡಿಯಿರಿ. ಒಟ್ಟು 1,250. ನೂರಕ್ಕೆ ತೊಂಬತ್ತು ಉಳಿಸಿ ಕೊಡುವ ಒಳ್ಳೆಯ ಸಪ್ಲೈ ಇದ್ದರೂ ಗೋಡೆಯಿಂದ ಎಳೆಯುವುದು ಸುಮಾರು 1,390 ವ್ಯಾಟ್. ಟೇಬಲ್ಲಿನ ಪಕ್ಕ ಸಾಮಾನ್ಯವಾಗಿ ಇರುವ 6 ಆಂಪಿಯರಿನ ಪ್ಲಗ್ಗು 230 ವೋಲ್ಟಿನಲ್ಲಿ ತಾಳುವುದು 1,380. ಹತ್ತು ವ್ಯಾಟ್ ತಾನೇ ಎನ್ನಬೇಡಿ. ಬೇಸಿಗೆಯ ಸಂಜೆ ವೋಲ್ಟೇಜ್ 190ಕ್ಕೆ ಇಳಿಯಿತು ಎನ್ನಿ. ಬಲ್ಬಾದರೆ ಮಂಕಾಗಿ ಸುಮ್ಮನಾಗುತ್ತದೆ. ಎಸ್‌ಎಂಪಿಎಸ್ ಹಾಗಲ್ಲ, ತನಗೆ ಬೇಕಾದ ವ್ಯಾಟನ್ನು ಬಿಡದೆ ಎಳೆದುಕೊಳ್ಳಲು ಕರೆಂಟನ್ನು 7.3 ಆಂಪಿಯರಿಗೆ ಏರಿಸುತ್ತದೆ. ಆಗ ಬಿಸಿಯಾಗುವುದು ಪ್ಲಗ್ಗಿನ ಪಿನ್ನು, ಮತ್ತು ಅದೇ ಪ್ಲಗ್ಗಿಗೆ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡು. ಎರಡು ಕಾರ್ಡಿನ ಯಂತ್ರಕ್ಕೆ ಮೊದಲ ಖರ್ಚು 16 ಆಂಪಿಯರಿನ ಪವರ್ ಪಾಯಿಂಟು, ಅದಕ್ಕೆ ತಕ್ಕ ದಪ್ಪದ ವೈರು, ನಿಜವಾದ ಅರ್ಥಿಂಗು. ಇವು ಮುಗಿದ ಮೇಲೆ 12 ವೋಲ್ಟಿನ ಸಾಲೊಂದರಲ್ಲೇ 1,250ಕ್ಕೆ ಮೀರಿ ಸಾಕಷ್ಟು ಉಸಿರಿರುವ, ಅಂದರೆ 1,600 ದರ್ಜೆಯ ಸಪ್ಲೈ. ಅಷ್ಟಾದ ಮೇಲೂ ಪ್ರತಿ ಕಾರ್ಡಿಗೆ ಬೇರೆ ಬೇರೆ ಕೇಬಲ್. ಒಂದೇ ವೈರಿಗೆ ಎರಡು ತಲೆ ಇಟ್ಟು ಕೊಟ್ಟಿದ್ದೀರಿ ಎಂದು ಎರಡನ್ನೂ ಚುಚ್ಚುವುದಲ್ಲ.

ಇದಕ್ಕೆ ನಿಮ್ಮ ಪರವಾಗಿ ಎತ್ತಬಹುದಾದ ಆಕ್ಷೇಪಗಳೂ ಇವೆ. ‘ದಕ್ಷತೆಯ ಚಿನ್ನದ ಪದಕ ಅಂಟಿಸಿದ್ದೇವಲ್ಲ?’ ಅಂಟಿಸಿದ್ದೀರಿ, ಸಂತೋಷ. ಆ ಪದಕ ಕೊಡುವ, 2004ರಲ್ಲಿ ಶುರುವಾದ 80 ಪ್ಲಸ್ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯ ಕೋಣೆಯಲ್ಲಿ. ವಿಜಯಪುರದ ಮೇ ತಿಂಗಳಿಗೆ ಆ ಕೋಣೆಯ ಪರಿಚಯವಿಲ್ಲ. 40 ದಾಟಿದ ಮಧ್ಯಾಹ್ನ, ತಗಡಿನ ಬಿಸಿ ಕುಡಿದ ಕೋಣೆಯಲ್ಲಿ, ಅದೇ ಸಪ್ಲೈ ಎಷ್ಟು ಕೊಡಬಲ್ಲದು ಎಂಬುದಕ್ಕೆ ಪದಕದಲ್ಲಿ ಉತ್ತರವಿಲ್ಲ. ಚೀಟಿಯಲ್ಲಿ ‘50 ಡಿಗ್ರಿಯಲ್ಲಿ ನಿರಂತರ’ ಎಂದು ಬರೆಯುವ ಧೈರ್ಯ ಇರುವವರ ಮಾಲನ್ನು ಕೊಳ್ಳಬೇಕು. ‘ಯುಪಿಎಸ್ ಇದೆಯಲ್ಲ’ ಎನ್ನುವವರೂ ಇದ್ದಾರೆ. ಮನೆಮನೆಯ 600 ವಿಎ ಯುಪಿಎಸ್ಸು ಹೊರುವುದು 360 ವ್ಯಾಟ್ ಆಸುಪಾಸು. ಇಂಥ ಯಂತ್ರದ ಎದುರು ಅದು ಚೀತ್ಕರಿಸುವುದಕ್ಕೆ ಮಾತ್ರ ಉಪಯೋಗ. ಇನ್ನೊಂದು ಆಕ್ಷೇಪ ತಾಯಿತಂದೆಯರದು, ದೊಡ್ಡ ಸಪ್ಲೈ ತಂದರೆ ಕರೆಂಟ್ ಬಿಲ್ಲು ಏರುತ್ತದೆ ಎಂಬುದು. ಅದರಲ್ಲಿ ಅರ್ಧ ತಪ್ಪಿದೆ, ಅರ್ಧ ಸರಿಯಿದೆ. 1,600ರ ಸಪ್ಲೈ ತಂದ ಮಾತ್ರಕ್ಕೆ ಸದಾ 1,600 ಉರಿಯುವುದಿಲ್ಲ, ಯಂತ್ರ ಕೇಳಿದಷ್ಟೇ ಎಳೆಯುತ್ತದೆ. ಆದರೆ ಯಂತ್ರ ನಿಜವಾಗಿ ಕೇಳಿದರೆ? ದಿನಕ್ಕೆ ನಾಲ್ಕು ಗಂಟೆ ಪೂರ್ಣ ಭಾರದಲ್ಲಿ ಓಡಿಸಿದರೆ ತಿಂಗಳಿಗೆ 167 ಯೂನಿಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಗರಿಷ್ಠ ಗೆರೆ 200. ಫ್ರಿಜ್ಜು, ಫ್ಯಾನು, ಮಿಕ್ಸರುಗಳು 33ರಲ್ಲಿ ಸಂಸಾರ ಸಾಗಿಸಬೇಕು, ಇಲ್ಲದಿದ್ದರೆ ಪೂರ್ತಿ ಬಿಲ್ಲು ಮನೆಯವರ ಪಾಲು. ಆಟದಲ್ಲಿ ಭಾರ ಏರಿಳಿಯುತ್ತದೆ, ನಿಜ, ಅಷ್ಟು ಯೂನಿಟ್ ಆಗಲಿಕ್ಕಿಲ್ಲ. ಅಷ್ಟು ಭಾರವೇ ಬೀಳದಿದ್ದರೆ ಎರಡನೇ ಕಾರ್ಡು ಯಾಕೆ ಎಂಬ ಪ್ರಶ್ನೆ ಬಾಗಿಲಲ್ಲೇ ನಿಂತಿದೆ.

ಅದನ್ನು ಒಳಗೆ ಕರೆಯಲೇಬೇಕು. 1998ರ ವೂಡೂ 2 ಕಾರ್ಡಿನ ಕಾಲದಲ್ಲೇ ಎಸ್‌ಎಲ್‌ಐ ಎಂಬ ಹೆಸರಿನಲ್ಲಿ ಎರಡು ಕಾರ್ಡು ಜೋಡಿಸುವ ಗೀಳು ಹುಟ್ಟಿತು. 2004ರಲ್ಲಿ ಎನ್‌ವಿಡಿಯಾ ಅದೇ ಹೆಸರಿನಲ್ಲಿ ಅದನ್ನು ಮತ್ತೆ ತಂದಿತು. ಆಟದ ಕಾರ್ಡುಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನು 2021ರ ಜನವರಿ 1ರಿಂದ ಅದೇ ಕಂಪನಿ ನಿಲ್ಲಿಸಿತು, 4090ಕ್ಕೆ ಜೋಡಿಸುವ ಕೊಂಡಿಯನ್ನೇ ಕೊಡಲಿಲ್ಲ. ಹೊಸ ಆಟಗಳಲ್ಲಿ ಎರಡನೇ ಕಾರ್ಡು ಸಾಮಾನ್ಯವಾಗಿ ಮದುವೆ ಮನೆಯ ದೊಡ್ಡಪ್ಪನಂತೆ ಕೂತಿರುತ್ತದೆ, ಕೆಲಸ ಮಾಡದಿದ್ದರೂ ಉಣ್ಣುವುದನ್ನು ಬಿಟ್ಟಿಲ್ಲ. ಮನೆಯಲ್ಲೇ ಎಐ ಮಾದರಿ ಓಡಿಸುವವರಿಗೆ, ವಿಡಿಯೊ ರೆಂಡರ್ ಮಾಡುವವರಿಗೆ ಜೋಡಿ ಕಾರ್ಡು ಇಂದಿಗೂ ದುಡಿಯುತ್ತದೆ. ಅವರ ಭಾರ ಗಂಟೆಗಟ್ಟಲೆ ಇಳಿಯುವುದೇ ಇಲ್ಲವಾದ್ದರಿಂದ ನಿಮ್ಮ ‘ಪೀಕ್’ ಅವರಿಗಂತೂ ಪೈಸೆಯ ಪ್ರಯೋಜನಕ್ಕಿಲ್ಲ.

ಸಾಹೇಬರೇ, ಈ ಊರಿಗೆ ಒತ್ತಡದ ವಿದ್ಯೆ ಹೊಸದಲ್ಲ. ಆದಿಲಶಾಹಿಗಳ ಕಾಲದಲ್ಲಿ ತೊರವಿ ಕಡೆಯಿಂದ, 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದ ನೆಲದಡಿಯಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂಬ ಚೌಕಾಕಾರದ ಗೋಪುರಗಳು. ನೀರು ಅವುಗಳ ತಲೆಯವರೆಗೆ ಏರಿ, ಅಲ್ಲಿ ಒತ್ತಡ ಕಳೆದು, ಹೂಳು ಬಿಟ್ಟು ಮುಂದೆ ಇಳಿಯುತ್ತಿತ್ತು. ಹಾಗಾಗಿ ಮಣ್ಣಿನ ಕೊಳವೆ ಒಡೆಯುತ್ತಿರಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಆ ಗಂಜಿನ ಕೆಲಸ ದಪ್ಪ ಕೆಪಾಸಿಟರಿನದು. ಕರೆಂಟು ಕಣ್ಣು ಮಿಟುಕಿಸಿದರೆ ಹದಿನೈದಿಪ್ಪತ್ತು ಮಿಲಿಸೆಕೆಂಡು ತಡೆದು ನಿಲ್ಲಿಸಬೇಕಾದದ್ದೂ ಅದೇ. ಖರ್ಚು ಉಳಿಸಲು ನೀವು ಮೊದಲು ಕೈ ಹಾಕುವುದೂ ಅದಕ್ಕೇ, ಯಾಕೆಂದರೆ ಅದು ತಗಡಿನೊಳಗಿದೆ, ಅಂಕಿ ಹೊರಗಿದೆ. ಗಂಜುಗಳು ಬಯಲಲ್ಲಿ ಇನ್ನೂ ನಿಂತಿವೆ, ಯಾವುದರ ಮೇಲೂ ವ್ಯಾಟ್ ಬರೆದಿಲ್ಲ.

ಇತಿ,
6 ಆಂಪಿಯರ್ ಪ್ಲಗ್ಗಿನ ಒಬ್ಬ ಗಿರಾಕಿ

ತಾ.ಕ.: ನಿಮ್ಮ ಡಬ್ಬಿ ಗಟ್ಟಿಯಾಗಿದೆ, ಎಸೆಯಲು ಮನಸ್ಸಾಗುವುದಿಲ್ಲ. ತಿಕೋಟಾದ ಮಣೂಕ, ಅಂದರೆ ಒಣದ್ರಾಕ್ಷಿ, ತುಂಬಿಡಲು ಅಡ್ಡಿಯಿಲ್ಲ. ಆದರೆ ಅದರ ಮೇಲೆ ಎಷ್ಟು ಕಿಲೋ ಎಂದು ಬರೆಯುವ ಕೆಲಸಕ್ಕೆ ತಾವು ಬರಬೇಡಿ, ಇಲ್ಲಿ ಮಣೂಕವನ್ನು ಎದುರಿಗೇ ತೂಗಿ ಕೊಳ್ಳುತ್ತಾರೆ.